ನೆಲದಡಿಯ ನೀರು ಯಾರ ಸ್ವತ್ತು?

ಸಂಸ್ಕೃತ ನಿಘಂಟುಗಳಲ್ಲಿ ನೀರಿಗೆ ಹೇಳಿರುವ ಪರ್ಯಾಯ ಪದಗಳಲ್ಲಿ ‘ಜೀವನ’ ಎಂಬುದೂ ಒಂದು. ಯಾವುದರಿಂದ ಜೀವಿಗಳು ಬದುಕುತ್ತವೆಯೋ ಅದಕ್ಕೇ ಪೂರ್ವಿಕರು ಜೀವನವೆಂದು ಹೆಸರಿಟ್ಟರು. ಮಳೆ ತಪ್ಪಿದ ವರ್ಷ ಈ ಹೆಸರಿನ ಅರ್ಥ ಎಲ್ಲರಿಗೂ ನೆನಪಾಗುತ್ತದೆ. ಮಳೆ ಬಂದ ವರ್ಷ ಮರೆತುಹೋಗುತ್ತದೆ.

ಬರ ಮತ್ತು ಮರುಭೂಮೀಕರಣ ಎಂಬ ಎರಡು ಮಾತುಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಇವೆರಡೂ ಒಂದಲ್ಲ. ಬರವು ಆಕಾಶದಿಂದ ಬರುತ್ತದೆ. ಒಂದೆರಡು ವರ್ಷ ಕಾಡಿ ಹೋಗುತ್ತದೆ. ಮರುಭೂಮೀಕರಣವೆಂದರೆ ಒಣಭೂಮಿಯ ಮಣ್ಣು ತನ್ನ ಸಾರವನ್ನೂ ನೀರು ಹಿಡಿದಿಡುವ ಶಕ್ತಿಯನ್ನೂ ಕ್ರಮೇಣ ಕಳೆದುಕೊಂಡು, ಮತ್ತೆ ಮಳೆ ಬಂದರೂ ಚೇತರಿಸಿಕೊಳ್ಳಲಾರದ ಸ್ಥಿತಿಗೆ ಇಳಿಯುವುದು. 1994ರ ಜೂನ್ 17ರಂದು ಪ್ಯಾರಿಸ್ಸಿನಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಒಡಂಬಡಿಕೆಯು ಹವಾಮಾನದ ಏರುಪೇರಿನ ಜೊತೆಗೆ ಮನುಷ್ಯನ ನಡವಳಿಕೆಯನ್ನೂ ಇದಕ್ಕೆ ಕಾರಣವೆಂದು ಹೇಳಿದೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರವು 2021ರಲ್ಲಿ ಪ್ರಕಟಿಸಿದ ಭೂಪಟಸಂಪುಟದ ಪ್ರಕಾರ 2018-19ರಲ್ಲಿ ಭಾರತದ ಸುಮಾರು 9.78 ಕೋಟಿ ಹೆಕ್ಟೇರ್ ಭೂಮಿ, ಅಂದರೆ ದೇಶದ ಒಟ್ಟು ನೆಲದ ಶೇ. 29ಕ್ಕೂ ಹೆಚ್ಚಿನ ಭಾಗ, ಹೀಗೆ ಸವೆಯುತ್ತಿತ್ತು.

ಮಳೆ ಬಾರದಿದ್ದರೆ ಯಾರನ್ನೂ ದೂರುವಂತಿಲ್ಲ. ಆದರೆ ನಡವಳಿಕೆಯೂ ಕಾರಣವೆಂದ ಮೇಲೆ ಅದು ಕೇವಲ ಕೃಷಿಶಾಸ್ತ್ರದ ವಿಷಯವಾಗಿ ಉಳಿಯುವುದಿಲ್ಲ. ಧರ್ಮಾಧರ್ಮದ ವಿವೇಚನೆಯೊಳಗೆ ಬರುತ್ತದೆ. ಆ ವಿವೇಚನೆಗೆ ಮೊದಲು ಎದುರಾಗುವ ಪ್ರಶ್ನೆ ಇದು: ತನ್ನ ಹೊಲದಲ್ಲಿ, ತನ್ನ ಹಣದಲ್ಲಿ, ತನ್ನ ಬಾವಿಯಿಂದ ನೀರೆತ್ತುವವನು ಎತ್ತುವುದು ತನ್ನ ನೀರನ್ನೇ? ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಇತಿಹಾಸವು ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಒಳ್ಳೆಯ ಒರೆಗಲ್ಲಾಗಿದೆ.

ಕೊಂಗುನಾಡಿನ ನೆಲ

ಈ ಪ್ರದೇಶವನ್ನು ಪೂರ್ವದಿಂದಲೂ ಕೊಂಗುನಾಡು ಎಂದು ಕರೆಯುತ್ತಾರೆ. ಕನ್ನಡಿಗರಿಗೆ ಇದು ಪರನಾಡಲ್ಲ. ಶತಮಾನಗಳ ಹಿಂದೆ ದಕ್ಷಿಣಕ್ಕೆ ಬಂದು ನೆಲೆಸಿದ ಒಕ್ಕಲಿಗರೂ ಮಗ್ಗದ ಕಸುಬಿನ ದೇವಾಂಗರೂ ಇಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದಾರೆ. ತಿರುಪ್ಪೂರು ಮತ್ತು ಈರೋಡುಗಳ ನಡುವೆ ಇರುವ ವಿಜಯಮಂಗಲದಲ್ಲಿ ಚಂದ್ರಪ್ರಭ ತೀರ್ಥಂಕರರ ಪ್ರಾಚೀನ ಬಸದಿಯಿದೆ. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ತಂಗಿ ಪುಳಿಯಪ್ಪೈ ಈ ಸ್ಥಳದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳೆಂದು ಅಲ್ಲಿಯ ಶಾಸನ ಸ್ಮರಿಸುತ್ತದೆ.

ಪಶ್ಚಿಮ ಘಟ್ಟದ ನೆರಳಿನಲ್ಲಿರುವ ಈ ನಾಡಿಗೆ ನೈಋತ್ಯ ಮುಂಗಾರು ಕೃಪಣವಾಗಿ ಒಲಿಯುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತವೇ ಇಲ್ಲಿಯ ಬಯಲಿಗೆ ಮುಖ್ಯ ಆಧಾರ. ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600-700 ಮಿಲಿಮೀಟರ್ ಮಾತ್ರ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಬರಿದಾದ ಹೊಲದ ಮೇಲ್ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ. ಮಣ್ಣಿನ ಕೆಳಗೆ ಗಟ್ಟಿಯಾದ ಕಲ್ಲು. ಕಲ್ಲಿನ ಮೇಲಿನ ಶಿಥಿಲ ಪದರದಲ್ಲಿಯೂ ಒಳಗಿನ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಆದ್ದರಿಂದ ಇಲ್ಲಿಯ ಭೂಗರ್ಭವನ್ನು ಕಡಲೆಂದು ಭಾವಿಸಬಾರದು; ಮನೆಯ ಮೂಲೆಯ ಕೊಡವೆಂದು ಭಾವಿಸಬೇಕು.

ಇಂಥ ನೆಲದಲ್ಲಿ ಬಾಳಿದ ಹಿಂದಿನವರು ಹಂಚಿಕೊಂಡು ಬದುಕುವ ಏರ್ಪಾಟನ್ನು ಕಂಡುಕೊಂಡಿದ್ದರು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿಯು ಸುಮಾರು 170 ಕಿಲೋಮೀಟರ್ ಹರಿದು ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ವರ್ಷವಿಡೀ ತುಂಬಿ ಹರಿಯುವ ನದಿ ಇದಲ್ಲ. ಅದಕ್ಕೆ ಅಲ್ಲಲ್ಲಿ ಒಡ್ಡು ಕಟ್ಟಿ, ಕಾಲುವೆ ತೆಗೆದು, ಸಾಲುಗೆರೆಗಳನ್ನು ತುಂಬಿಸಲಾಗುತ್ತಿತ್ತು. ಪೇರೂರಿನ ಕಡೆಯಿಂದ ಉಕ್ಕಡದ ದೊಡ್ಡ ಕೆರೆ, ವಾಲಾಂಕುಳಂ, ಸಿಂಗಾನಲ್ಲೂರು, ಸೂಲೂರು ಎಂದು ಈ ಕೆರೆಗಳ ಮಾಲೆ ಮುಂದುವರಿಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಯ ಪಾಲು. ಕೋಡಿಯ ಎತ್ತರವನ್ನು ಮೇಲಿನ ಊರಿನವರು ತಮ್ಮಿಚ್ಛೆಯಂತೆ ಏರಿಸುವಂತಿರಲಿಲ್ಲ. ಕೆರೆಯ ಕೋಡಿಯೆಂದರೆ ಕಲ್ಲಿನಲ್ಲಿ ಕಟ್ಟಿದ ಒಂದು ಮಿತಿ: ಇಷ್ಟು ತನಗೆ, ಉಳಿದದ್ದು ನೆರೆಯವನಿಗೆ.

ಎತ್ತಿನ ದಣಿವು, ಯಂತ್ರದ ದಣಿವಿಲ್ಲದಿರುವಿಕೆ

ಕೆರೆಯ ಅಚ್ಚುಕಟ್ಟಿಗೆ ಸೇರದ ಬಯಲಿನಲ್ಲಿ ರೈತರು ಆಳವಾದ ತೆರೆದ ಬಾವಿಗಳನ್ನು ತೋಡಿದರು. ಎರಡೆತ್ತು ಕಟ್ಟಿ ಕಪಿಲೆಯಲ್ಲಿ ಚರ್ಮದ ಚೀಲದಿಂದ ನೀರೆತ್ತುತ್ತಿದ್ದರು. ಮುಂಜಾನೆ ಆರಂಭವಾದ ಕೆಲಸ ಎತ್ತುಗಳು ದಣಿಯುವ ವೇಳೆಗೆ ನಿಲ್ಲಲೇಬೇಕು. ನಿಂತಷ್ಟು ಹೊತ್ತು ಬಾವಿಯ ಒರತೆ ಮತ್ತೆ ಊರುತ್ತಿತ್ತು. ಆ ಕಾಲದ ರೈತರೆಲ್ಲರೂ ಸಂಯಮಿಗಳಾಗಿದ್ದರೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಆಸೆ ಅವರಿಗೂ ಇತ್ತು. ಆದರೆ ಆಸೆಗೆ ಎತ್ತಿನ ದಣಿವೇ ಕಟ್ಟೆಯಾಗಿತ್ತು.

1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದ ಮೇಲೆ ಈ ಕಟ್ಟೆ ಸಡಿಲವಾಯಿತು. ಅದೇ ವಿದ್ಯುತ್ತಿನಿಂದ ಕೊಯಮತ್ತೂರಿನ ನೂಲಿನ ಗಿರಣಿಗಳು ಬೆಳೆದವು; ಅದೇ ವಿದ್ಯುತ್ತು ಹೊಲದ ಬಾವಿಗೂ ತಲುಪಿತು. ಜಿ.ಡಿ. ನಾಯ್ಡು ಅವರಂಥ ಪ್ರತಿಭಾವಂತರು 1937ರಲ್ಲಿ ಇಲ್ಲಿಯೇ ವಿದ್ಯುತ್ ಮೋಟಾರನ್ನು ತಯಾರಿಸಿದರು. ಮುಂದೆ ಕೊಯಮತ್ತೂರು ದೇಶಕ್ಕೆಲ್ಲ ಪಂಪುಗಳನ್ನು ಒದಗಿಸುವ ಪಟ್ಟಣವೆಂದು ಹೆಸರಾಯಿತು. ಇದರಿಂದ ಎಷ್ಟೋ ಸಂಸಾರಗಳು ಹಸಿವಿನಿಂದ ಪಾರಾದವು. ಎಷ್ಟೋ ಎತ್ತುಗಳು ನೊಗದ ಹಿಂಸೆಯಿಂದ ಬಿಡುಗಡೆ ಹೊಂದಿದವು. ಇದು ಸಣ್ಣ ಉಪಕಾರವಲ್ಲ.

ಆದರೆ ಯಂತ್ರಕ್ಕೆ ದಣಿವೆಂಬುದಿಲ್ಲ. ಬಾವಿಯ ನೀರು ಕೆಳಗಿಳಿಯಿತು. ಬಾವಿಯ ತಳದಲ್ಲಿ ಬೈರಿಗೆ ಇಟ್ಟು ಕೊರೆದರು. ಆಮೇಲೆ ಬಾವಿಯನ್ನೇ ಬಿಟ್ಟು ಕೊಳವೆಬಾವಿ ಕೊರೆದರು. ನೂರಿನ್ನೂರು ಅಡಿಯಲ್ಲಿ ಸಿಗುತ್ತಿದ್ದ ನೀರಿಗೆ ಸಾವಿರ ಅಡಿ ಇಳಿಯಬೇಕಾದ ಹಳ್ಳಿಗಳುಂಟು. ವಿದ್ಯುತ್ ದರದ ಏರಿಕೆಯನ್ನು ವಿರೋಧಿಸಿ ಸಿ. ನಾರಾಯಣಸ್ವಾಮಿ ನಾಯ್ಡು ಅವರ ನಾಯಕತ್ವದಲ್ಲಿ 1970ರಲ್ಲಿಯೂ 1972ರಲ್ಲಿಯೂ ಇಲ್ಲಿಯ ರೈತರು ದೊಡ್ಡ ಚಳವಳಿ ನಡೆಸಿದರು. ಕೊಯಮತ್ತೂರಿನ ಬೀದಿಗಳನ್ನು ಎತ್ತಿನ ಗಾಡಿಗಳು ತುಂಬಿದವು. ಕಷ್ಟದಲ್ಲಿದ್ದವರ ಆ ಕೂಗಿನಲ್ಲಿ ನ್ಯಾಯವಿತ್ತು. 1990ರ ಹೊತ್ತಿಗೆ ತಮಿಳುನಾಡಿನಲ್ಲಿ ಕೃಷಿಯ ಪಂಪುಗಳಿಗೆ ವಿದ್ಯುತ್ತು ಪೂರ್ತಿ ಉಚಿತವಾಯಿತು. ಎತ್ತು ಹೋದ ಮೇಲೆ ಉಳಿದಿದ್ದ ಕೊನೆಯ ಲೆಕ್ಕವೂ ಅಲ್ಲಿಗೆ ಮುಗಿಯಿತು.

2016ರಲ್ಲಿ ಈಶಾನ್ಯ ಮಾರುತ ಕೈಕೊಟ್ಟಿತು. ತಮಿಳುನಾಡಿಗೆ ವಾಡಿಕೆಯ ಅರ್ಧದಷ್ಟು ಮಳೆಯೂ ಬೀಳಲಿಲ್ಲ. 2017ರ ಜನವರಿಯಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳನ್ನೂ ಬರಪೀಡಿತವೆಂದು ಘೋಷಿಸಬೇಕಾಯಿತು. ಬರ ಮೊದಲೂ ಬಂದಿತ್ತು. ಆದರೆ ಬರಕ್ಕೆಂದು ಹಿಂದಿನ ತಲೆಮಾರು ನೆಲದಡಿಯಲ್ಲಿ ಉಳಿಸಿಟ್ಟಿದ್ದ ಕೊಡ ಆ ವೇಳೆಗೆ ಬಹುಮಟ್ಟಿಗೆ ಬರಿದಾಗಿತ್ತು. ನೀರಿಲ್ಲದ ಹೊಲವನ್ನು ಬೀಳು ಬಿಡುತ್ತಾರೆ. ಬೀಳು ಬಿದ್ದ ನೆಲದಲ್ಲಿ ಬಳ್ಳಾರಿ ಜಾಲಿ ಹಬ್ಬುತ್ತದೆ. ಹೊದಿಕೆಯಿಲ್ಲದ ಮಣ್ಣು ಗಾಳಿಗೆ ಹಾರುತ್ತದೆ. ಆಕಾಶದ ಬರವು ನೆಲದ ಬರವಾಗಿ ನಿಲ್ಲುವ ಕ್ರಮ ಇದೇ.

ಒಡೆತನದ ವಾದ

ಹೊಲ ತನ್ನದಾದ ಮೇಲೆ ಅದರ ಅಡಿಯ ನೀರೂ ತನ್ನದೇ ಎಂಬ ವಾದಕ್ಕೆ ಕಾನೂನಿನ ಬೆಂಬಲವೂ ದೊರೆತಿದೆ. 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮವು, ಗೊತ್ತಾದ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ಬಳಸುವ ಹಕ್ಕನ್ನು ಭೂಮಾಲೀಕನಿಗೆ ಒಪ್ಪಿಸಿದೆ. ತಮಿಳುನಾಡು 2003ರಲ್ಲಿ ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ ಒಂದು ಕಾಯಿದೆಯನ್ನು ಮಾಡಿತು. ಅದು ಪೂರ್ಣವಾಗಿ ಜಾರಿಗೆ ಬಾರದೆಯೇ 2013ರಲ್ಲಿ ರದ್ದಾಯಿತು.

ಕಾನೂನು ಎಲ್ಲೆಯನ್ನು ನೆಲದ ಮೇಲೆ ಗುರುತಿಸಬಲ್ಲದು. ನೆಲದಡಿಯ ಬಿರುಕುಗಳಿಗೆ ಆ ಎಲ್ಲೆ ತಿಳಿಯದು. ಒಬ್ಬನು ನಾನೂರು ಅಡಿಯಲ್ಲಿ ನೀರೆತ್ತುತ್ತಿರುವಾಗ ನೆರೆಯವನು ಎಂಟುನೂರು ಅಡಿಗೆ ಇಳಿದರೆ ಮೊದಲಿನವನ ಬಾವಿ ಬತ್ತುತ್ತದೆ. ಅವನ ಗೋಡೆ ಹಾರಲಿಲ್ಲ, ಬೀಗ ಮುರಿಯಲಿಲ್ಲ, ಒಂದು ಕಾಯಿಯನ್ನೂ ಕೀಳಲಿಲ್ಲ. ಆದರೂ ಅವನ ತೆಂಗು ಒಣಗುತ್ತದೆ. ಕೊಡದವನಿಂದ ತೆಗೆದುಕೊಳ್ಳುವುದೇ ಅದತ್ತಾದಾನವೆಂದಾದರೆ, ಇದನ್ನು ಯಾವ ಹೆಸರಿನಿಂದ ಕರೆಯಬೇಕು? ಇನ್ನೂ ಹುಟ್ಟದ ಮಕ್ಕಳು ಕೊಡಲೂ ಆರರು, ಬೇಡವೆನ್ನಲೂ ಆರರು. ಅವರ ಪಾಲನ್ನು ಎತ್ತಿದವನಿಗೆ ಯಾವ ನ್ಯಾಯಾಲಯದಲ್ಲಿಯೂ ಪ್ರತಿವಾದಿಯಿಲ್ಲ. ಪ್ರತಿವಾದಿಯಿಲ್ಲದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ.

ಇಷ್ಟು ಹೇಳಿ ರೈತನನ್ನು ಅಪರಾಧಿಯೆಂದು ನಿಲ್ಲಿಸುವುದೂ ಅನ್ಯಾಯವೇ. ಮಗಳ ಮದುವೆಗೆ, ಮಗನ ಓದಿಗೆ ಆಧಾರವಾದ ತೆಂಗಿನ ತೋಟ ಕಣ್ಣೆದುರಿಗೆ ಒಣಗುತ್ತಿರುವಾಗ ಸಾಲ ತಂದು ಮತ್ತೊಂದು ಕೊಳವೆಬಾವಿ ಕೊರೆಸುವವನನ್ನು ಲೋಭಿಯೆಂದು ಕರೆಯಲು ಯಾರಿಗೂ ಮನಸ್ಸು ಬಾರದು. ಅವನು ಇಳಿಯುವುದು ಆಸೆಯಿಂದಲ್ಲ, ಭಯದಿಂದ. ತಾನು ನಿಲ್ಲಿಸಿದರೆ ನೆರೆಯವನು ಎತ್ತಿಬಿಡುತ್ತಾನೆಂಬ ಭಯ ಅದು. ನೆರೆಯವನಿಗೂ ಅದೇ ಭಯ. ಕೆಟ್ಟವರಿಲ್ಲದೆಯೇ ಊರು ಕೆಡುವ ವಿಚಿತ್ರ ಇಲ್ಲಿದೆ. ಆದ್ದರಿಂದ ಪ್ರಶ್ನೆಯನ್ನು ಯಾರು ತಪ್ಪಿತಸ್ಥರೆಂಬಲ್ಲಿಗೆ ನಿಲ್ಲಿಸದೆ, ಭಯಕ್ಕೂ ಆಸೆಗೂ ಮಿತಿ ಎಲ್ಲಿಂದ ಬರಬೇಕೆಂಬಲ್ಲಿಗೆ ಒಯ್ಯಬೇಕಾಗಿದೆ.

ಕೆಳಗಿನ ದಿಕ್ಕಿಗೂ ಒಂದು ವ್ರತ

ಈ ಸಂದರ್ಭದಲ್ಲಿ ಶ್ರಾವಕಾಚಾರದ ಮೂರು ವಿಚಾರಗಳು ನೆನೆಯತಕ್ಕವು. ಗೃಹಸ್ಥನು ತೊರೆಯಬೇಕಾದ ಕ್ರೂರ ಜೀವನೋಪಾಯಗಳನ್ನು ಆಚಾರ್ಯರು ಹದಿನೈದೆಂದು ಎಣಿಸಿದ್ದಾರೆ. ಕಾಡಿಗೆ ಕಿಚ್ಚಿಡುವುದು, ವಿಷದ ವ್ಯಾಪಾರ ಮುಂತಾದವುಗಳ ಸಾಲಿನಲ್ಲಿಯೇ ಕೆರೆಕೊಳಗಳನ್ನು ಬತ್ತಿಸುವ ಕಾರ್ಯವೂ ಸೇರಿದೆ. ನೀರನ್ನು ಬತ್ತಿಸಿದರೆ ಅದನ್ನು ನಂಬಿದ ಸಮಸ್ತ ಜೀವಗಳೂ ಒಟ್ಟಿಗೆ ಸಾಯುತ್ತವೆ ಎಂಬುದೇ ಈ ನಿಷೇಧದ ತಿರುಳು. ನೆಲದ ಮೇಲಿನ ಕೆರೆಯನ್ನು ಬತ್ತಿಸುವುದು ದೋಷವಾದರೆ, ಕಣ್ಣಿಗೆ ಕಾಣದ ನೆಲದಡಿಯ ಕೆರೆಯನ್ನು ಬತ್ತಿಸುವುದು ಹೇಗೆ ನಿರ್ದೋಷವಾದೀತು?

ಎರಡನೆಯದು ದಿಗ್ವ್ರತ. ತನ್ನ ವ್ಯವಹಾರವು ಇಂತಿಂಥ ದಿಕ್ಕಿನಲ್ಲಿ ಇಷ್ಟು ದೂರವನ್ನು ಮೀರದೆಂದು ಶ್ರಾವಕನು ಸ್ವೀಕರಿಸುವ ನಿಯಮ ಇದು. ನಾಲ್ಕು ದಿಕ್ಕು, ನಾಲ್ಕು ಮೂಲೆಗಳಿಗಷ್ಟೇ ಅಲ್ಲ, ಮೇಲಿನ ಮತ್ತು ಕೆಳಗಿನ ದಿಕ್ಕುಗಳಿಗೂ ಇದು ಅನ್ವಯಿಸುತ್ತದೆ. ಕೆಳಮುಖವಾಗಿ ಮಿತಿಯನ್ನು ಮೀರುವುದನ್ನು ಈ ವ್ರತದ ಅತಿಚಾರಗಳಲ್ಲಿ ಒಂದೆಂದು ಹೇಳಲಾಗಿದೆ. ಆಚಾರ್ಯರ ಕಾಲದಲ್ಲಿ ಕೊಳವೆಬಾವಿ ಇರಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಮನುಷ್ಯನು ಸ್ವತಃ ಇಳಿಯುವ ಆಳ. ಆದರೆ ಮನುಷ್ಯನ ಬದಲು ಅವನ ಯಂತ್ರ ಇಳಿದರೂ ಇಳಿಯುವುದು ಅವನ ಇಚ್ಛೆಯೇ. ಕೆಳಗಿನ ದಿಕ್ಕಿಗೂ ಒಂದು ಗೆರೆ ಬೇಕೆಂಬ ಆ ದೂರದೃಷ್ಟಿ ಸಾವಿರ ಅಡಿಯ ಕಾಲಕ್ಕೆ ಹೆಚ್ಚು ಸಲ್ಲುತ್ತದೆ.

ಮೂರನೆಯದು ಮನೆಯೊಳಗಿನ ಆಚರಣೆ. ನೀರನ್ನು ಬಟ್ಟೆಯಲ್ಲಿ ಸೋಸಿದ ಬಳಿಕ ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲದೆ, ಯಾವ ಬಾವಿಯಿಂದ ನೀರು ತಂದರೋ ಅದೇ ಬಾವಿಗೆ ನಿಧಾನವಾಗಿ ಇಳಿಬಿಡುವ ಪದ್ಧತಿ ಹಿರಿಯರಲ್ಲಿತ್ತು. ಪಡೆದಲ್ಲಿಗೇ ಹಿಂದಿರುಗಿಸಬೇಕೆಂಬ ಶಿಕ್ಷಣವನ್ನು ಈ ಸಣ್ಣ ಕ್ರಿಯೆ ದಿನಕ್ಕೊಮ್ಮೆ ಕೊಡುತ್ತಿತ್ತು. ಮಾಳಿಗೆಯ ಮಳೆನೀರನ್ನು ನೆಲಕ್ಕೆ ಇಂಗಿಸುವ ಏರ್ಪಾಟು ಪ್ರತಿ ಕಟ್ಟಡಕ್ಕೂ ಇರಬೇಕೆಂದು ತಮಿಳುನಾಡು 2003ರಲ್ಲಿ ಕಡ್ಡಾಯ ಮಾಡಿತು. ಕಾನೂನು ತಡವಾಗಿ ಕಲಿತ ಪಾಠವನ್ನು ಅಡುಗೆಮನೆ ಮೊದಲೇ ಬಲ್ಲದಾಗಿತ್ತು.

ನೊಯ್ಯಲ್ ಕಲಿಸಿದ ಪಾಠ

ತಾವಾಗಿ ಮಿತಿ ಹಾಕಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ತಿರುಪ್ಪೂರಿನ ಕಥೆಯೇ ಸಾಕ್ಷಿ. ಹೆಣಿಗೆಯ ಬಟ್ಟೆಗೆ ಜಗತ್ಪ್ರಸಿದ್ಧವಾದ ಈ ಊರು ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿದೆ. ಆದರೆ ಬಟ್ಟೆಗೆ ಬಣ್ಣ ಹಾಕಲು ಅಪಾರವಾದ ನೀರು ಬೇಕು. ಬಣ್ಣ ನೂಲಿಗೆ ಹತ್ತಲು ಅಪಾರವಾದ ಉಪ್ಪೂ ಬೇಕು. ಸುತ್ತಲಿನ ಹಳ್ಳಿಗಳ ಬಾವಿಗಳಿಂದ ಟ್ಯಾಂಕರುಗಳಲ್ಲಿ ಸಿಹಿನೀರು ಬಂದಿತು. ಬಣ್ಣದ ಉಪ್ಪುನೀರು ನೊಯ್ಯಲಿಗೆ ಹೋಯಿತು. ನದಿಗೆ ಅಡ್ಡಲಾಗಿ ಒರತ್ತುಪಾಳೆಯಂನಲ್ಲಿ 1992ರ ವೇಳೆಗೆ ಕಟ್ಟಿ ಮುಗಿಸಿದ ಜಲಾಶಯ ರೈತರ ಹೊಲಗಳಿಗಾಗಿ ಉದ್ದೇಶಿತವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ಕೊಳೆನೀರಿನ ತೊಟ್ಟಿಯಾಯಿತು. ಜಲಾಶಯದಿಂದ ನೀರು ಬಿಡಿರೆಂದು ರೈತರು ಕೇಳುವುದು ಲೋಕರೂಢಿ; ಇಲ್ಲಿ ನೀರು ಬಿಡಬೇಡಿರೆಂದು ಕೈಮುಗಿಯಬೇಕಾಯಿತು. ಉಪ್ಪು ಏರಿದ ಮಣ್ಣಿನಲ್ಲಿ ಬೆಳೆ ನಿಲ್ಲಲಿಲ್ಲ. ಬಾವಿಯ ನೀರನ್ನು ದನಗಳೂ ಮೂಸಿ ಹಿಂದೆ ಸರಿದವು. ನೀರಿದ್ದೂ ನೆಲ ಮರುಭೂಮಿಯಾಗಬಹುದೆಂಬುದನ್ನು ನೊಯ್ಯಲಿನ ದಡ ತೋರಿಸಿಕೊಟ್ಟಿತು.

ನೊಯ್ಯಲ್ ಆಯಕಟ್ಟುದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಮಲಿನ ಮಾಡಿದವರೇ ಅದರ ವೆಚ್ಚವನ್ನು ಭರಿಸಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 2009ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಆಜ್ಞೆಗಳು ಪಾಲನೆಯಾಗದ್ದನ್ನು ಕಂಡು ಮದ್ರಾಸ್ ಉಚ್ಚ ನ್ಯಾಯಾಲಯವು 2011ರ ಜನವರಿ 28ರಂದು ತಿರುಪ್ಪೂರಿನ ಬಣ್ಣದ ಮತ್ತು ಚಲುವೆಯ ಘಟಕಗಳನ್ನೆಲ್ಲ ಮುಚ್ಚಲು ಆದೇಶಿಸಿತು. ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಹೊರಗೆ ಒಂದು ಹನಿ ಕೊಳೆನೀರನ್ನೂ ಬಿಡದೆ, ಬಳಸಿದ ನೀರನ್ನೇ ಶುದ್ಧಿಗೊಳಿಸಿ ಮತ್ತೆ ಬಳಸುವ ಸಾಮೂಹಿಕ ಘಟಕಗಳನ್ನು ಅನಂತರ ಸಜ್ಜುಗೊಳಿಸಿ ಉದ್ಯಮವು ಮತ್ತೆ ಎದ್ದು ನಿಂತಿತು. ಅಸಾಧ್ಯವೆಂದು ವರ್ಷಗಳ ಕಾಲ ಹೇಳಲಾಗುತ್ತಿದ್ದ ಕೆಲಸ, ಮುಚ್ಚುಗಡೆಯ ಬಳಿಕ ಸಾಧ್ಯವಾಯಿತು.

ಇಲ್ಲಿಂದ ತಿಳಿಯಬೇಕಾದದ್ದು ಇಷ್ಟು. ಮಿತಿಯು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮುಂಚಿತವಾಗಿ ತಾನೇ ಸ್ವೀಕರಿಸಿದರೆ ಅದಕ್ಕೆ ವ್ರತವೆಂದು ಹೆಸರು; ಹೊರಗಿನಿಂದ ಬಂದು ಮೇಲೆ ಬಿದ್ದರೆ ಶಿಕ್ಷೆಯೆಂದು ಹೆಸರು. ವ್ರತದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕೆಂಬ ಆಯ್ಕೆ ಮನುಷ್ಯನದು. ಶಿಕ್ಷೆಯಲ್ಲಿ ಆ ಆಯ್ಕೆಯಿಲ್ಲ. ಅದು ಮೊದಲು ಬಡವನ ಮೇಲೆಯೇ ಬೀಳುತ್ತದೆ. ಘಟಕ ಮುಚ್ಚಿದ ದಿನ ಮೊದಲು ಬರಿಗೈಯಾದವನು ದಿನಗೂಲಿಯವನು. ಬಾವಿ ಬತ್ತಿದ ದಿನ ಮೊದಲು ಊರು ಬಿಡುವವನು ಒಂದೆರಡು ಎಕರೆಯ ರೈತ. ಸಂಯಮವನ್ನು ಕೇವಲ ಆತ್ಮಕಲ್ಯಾಣದ ಸಾಧನವೆಂದು ತಿಳಿದವರು ಈ ಅಂಶವನ್ನು ಗಮನಿಸಬೇಕು. ಉಳ್ಳವನ ಸಂಯಮ ಇಲ್ಲದವನ ಪಾಲಿಗೆ ಅಭಯದಾನವಾಗಿದೆ.

ಮಿತಿಯೊಳಗೆ ಬಾಳಿದ ಬಯಲು

ಮಿತಿಯೆಂದರೆ ಬಡತನವೆಂದು ಹೆದರುವವರಿಗೆ ಇದೇ ಜಿಲ್ಲೆಯ ಕಾಂಗೇಯಂ, ಧಾರಾಪುರಂ ಸೀಮೆಯ ‘ಕೊರಂಗಾಡು’ ಉತ್ತರ ಕೊಡುತ್ತದೆ. ಕೊರಂಗಾಡೆಂದರೆ ಮಳೆ ಕಡಿಮೆಯಾದ ನೆಲದಲ್ಲಿ ರೈತರು ಕಾಪಾಡಿಕೊಂಡು ಬಂದ ಖಾಸಗಿ ಹುಲ್ಲುಗಾವಲು. ಸುತ್ತ ಕಿಳುವೈ ಗಿಡದ ಜೀವಂತ ಬೇಲಿ. ನಡುವೆ ಅಲ್ಲೊಂದು ಇಲ್ಲೊಂದು ಬಿಳಿಜಾಲಿಯ ಮರ. ನೆಲದ ತುಂಬ ಬರವನ್ನು ಸಹಿಸುವ ಕೊಳುಕ್ಕಟ್ಟೈ ಹುಲ್ಲು. ಮರ ನೆರಳನ್ನೂ ಕಾಯನ್ನೂ ಕೊಡುತ್ತದೆ. ಬೇಲಿ ಗಾಳಿಯನ್ನು ತಡೆಯುತ್ತದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಗಾವಲನ್ನು ಭಾಗ ಮಾಡಿ, ಒಂದು ಭಾಗದಲ್ಲಿ ಮೇಯಿಸುವಾಗ ಮತ್ತೊಂದಕ್ಕೆ ವಿಶ್ರಾಂತಿ ಕೊಡುತ್ತಾರೆ. ಪ್ರಸಿದ್ಧವಾದ ಕಾಂಗೇಯಂ ರಾಸುಗಳು ಬೆಳೆದದ್ದು ಈ ಹುಲ್ಲಿನಿಂದ. ಹಸು ಎಷ್ಟು ತಿನ್ನಬಲ್ಲದೆಂದು ಇಲ್ಲಿ ಕೇಳುವುದಿಲ್ಲ. ಹುಲ್ಲು ಎಷ್ಟನ್ನು ತಾಳಬಲ್ಲದೆಂದು ಕೇಳುತ್ತಾರೆ. ಮರುಭೂಮೀಕರಣವನ್ನು ತಡೆಯುವ ವಿದ್ಯೆಯನ್ನು ಹುಡುಕುವವರು ಈ ಬೇಲಿಯೊಳಗೆ ಒಮ್ಮೆ ನೋಡುವುದು ಒಳ್ಳೆಯದು. ಇಂದು ಈ ಗಾವಲುಗಳೂ ನಿವೇಶನಗಳಾಗಿ, ಕಾರ್ಖಾನೆಗಳಾಗಿ ಕಿರಿದಾಗುತ್ತಿರುವುದು ವಿಷಾದದ ಸಂಗತಿ.

ಪೊಳ್ಳಾಚಿ, ಉಡುಮಲೈಪೇಟೆಗಳ ಪರಂಬಿಕುಳಂ-ಆಳಿಯಾರ್ ಯೋಜನೆಯಲ್ಲಿಯೂ ಸರದಿಯ ತತ್ತ್ವವಿದೆ. ಅದರ ಅಚ್ಚುಕಟ್ಟನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಒಂದೊಂದು ವಲಯಕ್ಕೆ ಒಂದೊಂದು ಸರದಿಯಲ್ಲಿ ನೀರು ಬಿಡುತ್ತಾರೆ. ತನ್ನ ಸರದಿ ಬರುವವರೆಗೆ ಕಾಯುವ ರೈತನ ತಾಳ್ಮೆಯ ಮೇಲೆಯೇ ಇಡೀ ಯೋಜನೆ ನಿಂತಿದೆ.

ಕೊಡುವುದು ಮತ್ತು ತಡೆಯುವುದು

ನೆಲಕ್ಕೆ ನೀರನ್ನು ಹಿಂದಿರುಗಿಸುವ ಸತ್ಪ್ರಯತ್ನಗಳೂ ಈ ನಾಡಿನಲ್ಲಿ ಕಡಿಮೆಯೇನಲ್ಲ. 2003ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ‘ಸಿರುತುಳಿ’ ಸಂಸ್ಥೆಯು ನಾಗರಿಕರನ್ನು ಕೂಡಿಸಿಕೊಂಡು ಕೆರೆಗಳ ಹೂಳೆತ್ತಿಸಿತು. 2015ರಿಂದ ನಡೆದಿರುವ ‘ವನತ್ತುಕ್ಕುಳ್ ತಿರುಪ್ಪೂರ್’ ಎಂಬ ಕಾರ್ಯದಿಂದ ಲಕ್ಷಾಂತರ ಸಸಿಗಳು ಬೇರೂರಿವೆ. ಎಲ್ಲಕ್ಕಿಂತ ದೊಡ್ಡದು ಅತ್ತಿಕಡವು-ಅವಿನಾಶಿ ಯೋಜನೆ. 1950ರ ದಶಕದಿಂದ ಜನರು ಬೇಡುತ್ತ ಬಂದ ಈ ಯೋಜನೆ 2024ರ ಆಗಸ್ಟ್ 17ರಂದು ಉದ್ಘಾಟನೆಗೊಂಡಿತು. ಭವಾನಿ ನದಿಯಲ್ಲಿ, ಪ್ರಾಚೀನವಾದ ಕಾಳಿಂಗರಾಯನ್ ಅಣೆಕಟ್ಟಿನಿಂದ ಕೆಳಗೆ ಹರಿದುಹೋಗುವ ಹೆಚ್ಚುವರಿ ನೀರಿನಲ್ಲಿ ವರ್ಷಕ್ಕೆ 1.5 ಟಿ.ಎಂ.ಸಿ.ಯಷ್ಟನ್ನು ಪಂಪುಗಳಿಂದ ಮೇಲೆತ್ತಿ, ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬಿಸುವುದು ಇದರ ಉದ್ದೇಶ. ಹಿಂದಿನ ಅಚ್ಚುಕಟ್ಟುದಾರರ ಹಕ್ಕು ಸಂದ ಮೇಲೆ ಉಳಿದದ್ದನ್ನು ಮಾತ್ರ ತರುವುದು ಇದರ ಕ್ರಮ. ನೇರವಾಗಿ ಹೊಲಕ್ಕೆ ಹರಿಸುವ ಯೋಜನೆ ಇದಲ್ಲ. ಕೆರೆಯಿಂದ ನೆಲಕ್ಕೆ ಇಂಗಿ, ನೆಲದಿಂದ ಬಾವಿಗೆ ಬರಬೇಕೆಂಬ ಯೋಜನೆ.

ಇದು ಸ್ತುತ್ಯವಾದುದು. ಆದರೆ ಇಂಗಿದ ನೀರು ಎಲ್ಲರ ಬಾವಿಗೂ ಸಮನಾಗಿ ಹೋಗುವುದಿಲ್ಲ. ಯಾರ ಕೊಳವೆ ಆಳವೋ ಅವನ ಕಡೆಗೇ ಜಾರುತ್ತದೆ. ಸಾರ್ವಜನಿಕರ ಹಣದಿಂದ ತುಂಬಿದ ಕೊಡ ಬಲಶಾಲಿಯ ಯಂತ್ರಕ್ಕೆ ಬರಿದಾದರೆ, ಆ ದಾನ ಪಾತ್ರವನ್ನು ತಲುಪಿತೆಂದು ಹೇಳಲಾಗದು. ದಿನಕ್ಕೆ ಹತ್ತು ಕೊಡ ಎತ್ತಿ, ಪರ್ವದ ದಿನ ಒಂದು ಕೊಡ ಹಿಂದಿರುಗಿಸಿ, ಆ ಒಂದನ್ನು ಫಲಕದ ಮೇಲೆ ಬರೆಸುವುದೂ ಹಾಗೆಯೇ. ಕೊಡುವುದು ಪುಣ್ಯ, ಸಂದೇಹವಿಲ್ಲ. ಎತ್ತುವುದನ್ನು ತಡೆದುಕೊಳ್ಳುವುದು ಅದಕ್ಕಿಂತ ಮೊದಲಿನ ಕರ್ತವ್ಯ.

ಒಬ್ಬನೇ ತಡೆದುಕೊಂಡರೆ ಫಲವೇನು, ನೆರೆಯವನಿಗೆ ಲಾಭವಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ: ನೀರಿನ ವಿಷಯದಲ್ಲಿ ಏಕಾಂಗಿಯ ವ್ರತ ಬಾವಿಯನ್ನು ಉಳಿಸಲಾರದು. ಆದ್ದರಿಂದಲೇ ಇದು ಊರಿನ ವ್ರತವಾಗಬೇಕು. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಬರಗಾಲದ ಹಳ್ಳಿ ಇದನ್ನು ಮಾಡಿ ತೋರಿಸಿದೆ. ಪೋಪಟರಾವ್ ಪವಾರ್ ಅವರ ಮುಂದಾಳತ್ವದಲ್ಲಿ ಅಲ್ಲಿಯ ಗ್ರಾಮಸಭೆಯು ನೀರಾವರಿಗೆ ಕೊಳವೆಬಾವಿ ಕೊರೆಯುವುದಿಲ್ಲವೆಂದೂ, ಕಬ್ಬಿನಂಥ ನೀರುಬಾಕ ಬೆಳೆಗಳನ್ನು ಬೆಳೆಯುವುದಿಲ್ಲವೆಂದೂ, ಮರ ಕಡಿಯುವುದಿಲ್ಲವೆಂದೂ ತಾನೇ ಕಟ್ಟುಮಾಡಿಕೊಂಡಿತು. ಆ ವರ್ಷ ಬಿದ್ದ ಮಳೆಯನ್ನು ಅಳೆದು, ಅದಕ್ಕೆ ತಕ್ಕಂತೆ ಬೆಳೆಯನ್ನು ನಿಶ್ಚಯಿಸುವುದು ಅಲ್ಲಿಯ ರೂಢಿ. ಊರು ಬಿಟ್ಟು ಹೋಗಿದ್ದ ಕುಟುಂಬಗಳು ಮರಳಿ ಬಂದವು. ಎಲ್ಲರೂ ಒಟ್ಟಿಗೆ ನಿಲ್ಲಿಸಿದಾಗ ನೆರೆಯವನ ಭಯ ಇಲ್ಲವಾಗುತ್ತದೆ. ಭಯ ಹೋದರೆ ಸಾವಿರ ಅಡಿಯ ಸಾಲವೂ ತಪ್ಪುತ್ತದೆ.

ಊರಿನ ವ್ರತಕ್ಕೂ ಯಾರಾದರೊಬ್ಬರು ಮೊದಲಿಗರಾಗಬೇಕಷ್ಟೆ. ವ್ರತವನ್ನು ಗುಟ್ಟಾಗಿ ಸ್ವೀಕರಿಸದೆ ನಾಲ್ವರ ಸಮಕ್ಷಮದಲ್ಲಿ ಸ್ವೀಕರಿಸುವ ಸಂಪ್ರದಾಯದ ಹಿಂದೆ ಇದೇ ವಿವೇಕವಿದೆ. ಒಬ್ಬನ ನಿಯಮ ಮತ್ತೊಬ್ಬನಿಗೆ ಧೈರ್ಯವಾಗುತ್ತದೆ. ಭೂಮಿಯುಳ್ಳವರು ಇರುವ ಆಳಕ್ಕಿಂತ ಕೆಳಗೆ ಕೊರೆಸುವುದಿಲ್ಲವೆಂದು ನೆರೆಹೊರೆಯವರೊಡನೆ ಕುಳಿತು ಒಪ್ಪಂದ ಮಾಡಿಕೊಳ್ಳಬಹುದು. ಬಂಜರು ಬಿಟ್ಟ ತುಂಡುನೆಲಕ್ಕೆ ಹುಲ್ಲಿನ ಹೊದಿಕೆಯನ್ನೂ ಗಿಡದ ಬೇಲಿಯನ್ನೂ ಕೊಡಬಹುದು. ಉದ್ಯಮವುಳ್ಳವರು ನ್ಯಾಯಾಲಯದ ಆಜ್ಞೆಗೆ ಕಾಯದೆ ಬಳಸಿದ ನೀರಿನ ಲೆಕ್ಕ ಇಡಬಹುದು. ಪಟ್ಟಣದವರು, ಕಲ್ಯಾಣಮಂಟಪ ಮತ್ತು ಛತ್ರಗಳನ್ನು ನಡೆಸುವವರು, ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಮೋರಿಗೆ ಬಿಡದೆ ತಮ್ಮ ಬಾವಿಗೆ ಇಳಿಸಬಹುದು. ತಾವು ಎತ್ತಿದ್ದೆಷ್ಟು, ಹಿಂದಿರುಗಿಸಿದ್ದೆಷ್ಟು ಎಂಬುದನ್ನು ಜಮಾಖರ್ಚಿನ ಪುಸ್ತಕದಲ್ಲಿ ಹಣದ ಲೆಕ್ಕದ ಪಕ್ಕದಲ್ಲಿಯೇ ಬರೆದಿಡಬಹುದು.

ನೆಲದಡಿಯ ನೀರು ಯಾರ ಸ್ವತ್ತೆಂಬ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಟ್ಟಿದೆ. ಬತ್ತಿದ ಬಾವಿಗಳು ಮತ್ತೊಂದು ಉತ್ತರ ಕೊಟ್ಟಿವೆ. ಎತ್ತುವವನ ಕೈಯಲ್ಲಿರುವುದು ಒಡೆತನವಲ್ಲ, ನಂಬಿ ಒಪ್ಪಿಸಿದ ನಿಕ್ಷೇಪ. ಬರದ ವರ್ಷಕ್ಕೆ, ಬಡವನಿಗೆ, ಬಾಯಿಲ್ಲದ ಜೀವಕ್ಕೆ, ಮುಂದೆ ಬರುವವನಿಗೆ ಅದರಲ್ಲಿ ಪಾಲಿದೆ. ಹಿಂದಿನವರು ಕೆರೆಗೆ ಕೋಡಿಯನ್ನು ಕಲ್ಲಿನಲ್ಲಿ ಕಟ್ಟಿಟ್ಟರು. ಇಂದಿನವರು ತಮ್ಮ ಬಾವಿಯ ಒಳಗೋಡೆಯ ಮೇಲೆ, ನೀರು ಇದಕ್ಕಿಂತ ಕೆಳಗಿಳಿದರೆ ಅಂದಿಗೆ ಪಂಪನ್ನು ನಿಲ್ಲಿಸತಕ್ಕದ್ದೆಂಬ ಒಂದು ಗೆರೆಯನ್ನಾದರೂ ಎಳೆದಿಡಲಿ. ಆ ಗೆರೆಯ ಕೆಳಗಿನ ನೀರು ಮುಂದಿನವರದೆಂದು ಮಕ್ಕಳಿಗೆ ತೋರಿಸಿ ಹೇಳಲಿ.